ರಣಭೂಮಿಯಲ್ಲಿ ಕ್ರಿಸ್‌ಮಸ್ ಮೇಳ

ಅಮೆರಿಕದ ಹಾಸ್ಯನಟನಾದ ಬಾಬ್ ಹೋಪನು 1964ರಿಂದ 1972ರ ವರೆಗೆ ಪ್ರತಿ ಕ್ರಿಸ್‌ಮಸ್ ಹಬ್ಬದಲ್ಲಿಯೂ ವಿಯೆಟ್ನಾಮಿನಲ್ಲಿ ಯುದ್ಧನಿರತರಾಗಿದ್ದ ತನ್ನ ದೇಶದ ಸೈನಿಕರ ಮುಂದೆ ಹಾಡು, ಕುಣಿತ, ಪರಿಹಾಸಗಳ ಪ್ರದರ್ಶನವನ್ನು ನಡೆಸಿದನು. ಗಾಯಕಿಯರನ್ನೂ ವಾದ್ಯಗಾರರನ್ನೂ ಒಳಗೊಂಡ ಆತನ ಮೇಳವು ವಿಮಾನಗಳಲ್ಲಿ ಶಿಬಿರದಿಂದ ಶಿಬಿರಕ್ಕೆ ಸಂಚರಿಸುತ್ತಿದ್ದಿತು.

ಈ ಸಂಚಾರವು ನಿರಪಾಯವಾದುದಾಗಿರಲಿಲ್ಲ. 1964ರ ಡಿಸೆಂಬರ್ 24ರ ಸಂಜೆ, ಮೇಳವು ಸೈಗಾನ್ ನಗರದ ಬಿಡಾರವನ್ನು ಸೇರುವುದಕ್ಕೆ ತುಸು ಮುಂಚೆ, ಸಮೀಪದ ಬ್ರಿಂಕ್ಸ್ ವಸತಿಗೃಹದಲ್ಲಿ ಬಾಂಬು ಸಿಡಿದು ಇಬ್ಬರು ಅಮೆರಿಕನ್ನರು ಮಡಿದರು. ಮಾತುಗಳನ್ನು ಬರೆದಿದ್ದ ರಟ್ಟುಗಳನ್ನು ವಿಮಾನದಿಂದ ಇಳಿಸುವುದರಲ್ಲಾದ ವಿಳಂಬವೇ ತಮ್ಮನ್ನು ಉಳಿಸಿತೆಂದು ಹೋಪನು ಹೇಳುತ್ತಿದ್ದನು. ಆದರೂ ಪ್ರದರ್ಶನಗಳು ನಿಲ್ಲಲಿಲ್ಲ. ಅವುಗಳ ಕೊನೆಯಲ್ಲಿ ಕಲಾವಿದರೂ ಸೈನಿಕರೂ ಕೂಡಿ ‘ಸೈಲೆಂಟ್ ನೈಟ್’ ಎಂಬ ಹಬ್ಬದ ಗೀತವನ್ನು ಹಾಡುತ್ತಿದ್ದರು. ಸೈನಿಕರನ್ನು ನಗಿಸಲು ಹೋದವರೂ ಅವರ ಅಪಾಯದಲ್ಲಿ ಪಾಲುಗಾರರಾಗಬೇಕಾಯಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.