ಜಕ್ಕೂರಿನಿಂದ ಶುರುವಾದ ದಾರಿ: ಪೈಲಟ್ ಆಗೋಕೆ ದುಡ್ಡು ಯಾರದು, ರಿಸ್ಕ್ ಯಾರದು?

ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ತರೀಕೆರೆ ಕಡೆಯ ಒಬ್ಬ ರೈತರು. ಹೆಸರು ಹೇಳಲ್ಲ. ಅವರ ಮಾತು ಹೀಗಿತ್ತು: "ನೋಡಪ್ಪ, ಮಗಳು ಸೆಕೆಂಡ್ ಪಿಯು ಮುಗಿಸವ್ಳೆ. ಪೈಲಟ್ ಆಗ್ತೀನಿ ಅಂತ ಹಟ ಹಿಡಿದವ್ಳೆ. ಬೆಂಗಳೂರಿನ ಒಬ್ಬ ಏಜೆಂಟು ಬುಕಿಂಗ್‌ಗೆ ಈ ವಾರವೇ ದುಡ್ಡು ಕಟ್ಟಿ ಅಂತವ್ನೆ. ಅಡಿಕೆ ತೋಟ ಒಂದೆರಡು ಎಕರೆ ಕೊಟ್ರೆ ಹೊಂದ್ಸಬಹುದು. ಯಾವ ಸ್ಕೂಲು ಒಳ್ಳೇದು ಹೇಳು."

ಎರಡು ದಿನ ನನಗೆ ಉತ್ತರ ಕೊಡೋಕೆ ಆಗಲಿಲ್ಲ. ತೋಟ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಸಸಿ ಫಲಕ್ಕೆ ಬರೋಕೆ ವರ್ಷಗಳು ಬೇಕು, ಮಾರೋಕೆ ಒಂದು ಸಹಿ ಸಾಕು. ಹಾಗಾಗಿ "ಯಾವ ಸ್ಕೂಲು" ಅನ್ನೋ ಪ್ರಶ್ನೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು, ನಮ್ಮ ರಾಜ್ಯದಲ್ಲಿ ಪೈಲಟ್ ಆಗೋಕೆ ಇಲ್ಲಿವರೆಗೂ ಯಾರು ದುಡ್ಡು ಹಾಕಿದ್ರು, ನಷ್ಟ ಆದಾಗ ಯಾರು ಹೊತ್ತುಕೊಂಡ್ರು ಅಂತ ಹುಡುಕಿದೆ. ಆ ಕಥೆ ಗೊತ್ತಾದ್ರೆ ಸ್ಕೂಲ್ ಆರಿಸೋದು ಸುಲಭ ಆಗುತ್ತೆ ಅಂತ ನನ್ನ ನಂಬಿಕೆ.

ಮೊದಲು ಹಳೇ ಕಾಲಕ್ಕೆ ಹೋಗೋಣ. 1928ರ ಸುಮಾರಿಗೆ ದೆಹಲಿ, ಬಾಂಬೆ ಮುಂತಾದ ದೊಡ್ಡ ಊರುಗಳಲ್ಲಿ ಫ್ಲೈಯಿಂಗ್ ಕ್ಲಬ್‌ಗಳು ಶುರುವಾದವು. ಸರ್ಕಾರದ ಸಹಾಯಧನ ಇತ್ತು. ಆದ್ರೂ ಅಲ್ಲಿಗೆ ಹೋಗ್ತಿದ್ದವರು ಹೆಚ್ಚಾಗಿ ಸಾಹೇಬರು, ರಾಜಮನೆತನದವರು, ಉದ್ಯಮಿಗಳ ಮಕ್ಕಳು. ಭಾರತದಲ್ಲಿ ಕೊಟ್ಟ ಮೊದಲನೇ ನಂಬರಿನ ಪೈಲಟ್ ಲೈಸೆನ್ಸ್ ಜೆ.ಆರ್.ಡಿ. ಟಾಟಾ ಅವರಿಗೆ ಸಿಕ್ಕಿದ್ದು 1929ರ ಫೆಬ್ರವರಿ 10ರಂದು. ಆಗ ನಮ್ಮ ಜಿಲ್ಲೆಯ ಹೆಸರೇ ಬೇರೆ, ಕಡೂರು ಜಿಲ್ಲೆ. 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆ ಆಯ್ತು. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಗೆ ರೈಲು ಬಂದಿತ್ತು. ವಿಮಾನ ಅನ್ನೋದು ತಲೆ ಮೇಲೆ ಯಾವಾಗಲಾದರೂ ಹಾದುಹೋದರೆ ನೋಡುವ ವಸ್ತು, ಅಷ್ಟೇ.

ಇನ್ನೊಂದು ಕಡೆ, 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆ ಮೈಸೂರು ಸರ್ಕಾರವೂ ಕೈ ಜೋಡಿಸಿತ್ತು. ಇವತ್ತಿನ ಎಚ್‌ಎಎಲ್ ಇದೇ. ವಿಮಾನ ಕಟ್ಟೋಕೆ ಜಾಗ ಆಯ್ತು. ಓಡಿಸೋರನ್ನ ತಯಾರು ಮಾಡೋದು ಎಲ್ಲಿ?

ಉತ್ತರ: ಜಕ್ಕೂರು. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೋಗುವಾಗ ಫ್ಲೈಓವರ್ ಮೇಲಿಂದ ಪಕ್ಕದಲ್ಲಿ ಒಂದು ಪುಟ್ಟ ರನ್‌ವೇ ಕಾಣುತ್ತಲ್ಲ, ಅದೇ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ 200 ಎಕರೆಗೂ ಹೆಚ್ಚು ಜಾಗ ಕೊಟ್ಟರು. 1940ರ ದಶಕದ ಕೊನೆಗೆ ಅಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ ಶುರುವಾಯ್ತು. ಮಹಾರಾಜರ ಪೈಲಟ್ ಆಗಿದ್ದ ಕ್ಯಾಪ್ಟನ್ ವಿ. ಸುಂದರಂ ಆ ಶಾಲೆಯ ಶುರುವಿನ ದಿನಗಳ ದೊಡ್ಡ ಹೆಸರು. 1949ರಲ್ಲಿ ಅಲ್ಲಿಂದ ಮೊದಲು ಪಾಸಾಗಿ ಹೊರಬಂದವರು ಯಾರು ಗೊತ್ತಾ? ಒಬ್ಬ ಹೆಣ್ಣುಮಗಳು, ಉಷಾ ಸುಂದರಂ. ಕ್ಯಾಪ್ಟನ್ ಸುಂದರಂ ಅವರ ಪತ್ನಿ. ಸಂಸ್ಥಾನಗಳು ಭಾರತಕ್ಕೆ ಸೇರುತ್ತಿದ್ದ ಕಾಲದಲ್ಲಿ ಸರ್ದಾರ್ ಪಟೇಲ್, ನೆಹರೂ ಅಂಥವರನ್ನ ಕೂರಿಸಿಕೊಂಡು ಹಾರಿದ ದಂಪತಿ ಇವರು. 1951ರಲ್ಲಿ ಮದ್ರಾಸ್ ಸರ್ಕಾರಕ್ಕಾಗಿ ಒಂದು ಡವ್ ವಿಮಾನವನ್ನ ಲಂಡನ್‌ನಿಂದ ಬಾಂಬೆಗೆ 27 ಗಂಟೆಯಲ್ಲಿ ತಂದು ದಾಖಲೆ ಮಾಡಿದ್ರು.

ತರೀಕೆರೆ ಅಣ್ಣನವರೇ, ನಿಮ್ಮ ಮಗಳಿಗೆ ಇದನ್ನ ಖಂಡಿತ ಕೇಳಿಸಿ. "ಹೆಣ್ಣುಮಕ್ಕಳಿಗೆ ಯಾಕೆ" ಅನ್ನೋ ನೆಂಟರಿಗೂ ಕೇಳಿಸಿ. ಕರ್ನಾಟಕದ ಸರ್ಕಾರಿ ಶಾಲೆಯ ಮೊದಲ ಪೈಲಟ್ ಹೆಣ್ಣುಮಗಳೇ.

ಆದ್ರೆ ನಾನು ಗಮನ ಸೆಳೆಯಬೇಕು ಅಂದುಕೊಂಡಿರೋದು ಬೇರೆ ವಿಷಯಕ್ಕೆ. ಜಾಗ ಮಹಾರಾಜರದು, ಶಾಲೆ ಸರ್ಕಾರದ್ದು. ಕಲಿಯುವವರು ಶುಲ್ಕ ಕಟ್ಟಿರಬಹುದು, ಆದ್ರೆ ರನ್‌ವೇ, ಹ್ಯಾಂಗರ್, ಮೇಷ್ಟ್ರು, ಇದರ ದೊಡ್ಡ ಖರ್ಚು ಸರ್ಕಾರದ ಮೇಲಿತ್ತು. 1953ರಲ್ಲಿ ಖಾಸಗಿ ವಿಮಾನ ಕಂಪನಿಗಳನ್ನ ರಾಷ್ಟ್ರೀಕರಣ ಮಾಡಿದ್ರು. ದೇಶದೊಳಗಿನ ಎಂಟು ಕಂಪನಿ ಸೇರಿ ಇಂಡಿಯನ್ ಏರ್‌ಲೈನ್ಸ್ ಆಯ್ತು. ಅಂದ್ರೆ ತರಬೇತಿ ಕೊಡೋದೂ ಸರ್ಕಾರ, ಕೆಲಸ ಕೊಡೋದೂ ಸರ್ಕಾರ. ಸೀಟು ಕಡಿಮೆ, ಕೆಲಸ ಕಡಿಮೆ, ನಮ್ಮಂಥ ಊರಿನವರಿಗೆ ಬಾಗಿಲು ತೆರೆದಿತ್ತು ಅಂತಲೂ ಹೇಳಲಾಗದು. ಆದ್ರೆ ತೋಟ ಮಾರಿ ಪೈಲಟ್ ಆಗಬೇಕು ಅನ್ನೋ ಲೆಕ್ಕ ಆಗ ಇರಲಿಲ್ಲ. 1985ರಲ್ಲಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕಟ್ಟಿದ್ದೂ ಇದೇ ಯೋಚನೆಯಲ್ಲಿ.

ಬಾಗಿಲು ತೆರೆದದ್ದು 1990ರ ದಶಕದಲ್ಲಿ. 1994ರಲ್ಲಿ ಆ ರಾಷ್ಟ್ರೀಕರಣದ ಕಾಯ್ದೆ ಹೋಯ್ತು, ಖಾಸಗಿ ಏರ್‌ಲೈನ್‌ಗಳು ಬಂದವು. ಸುಮಾರು ಅದೇ ಹೊತ್ತಿಗೆ ಇನ್ನೊಂದು ಬಾಗಿಲು ಮುಚ್ಚಿತು. ಅಲ್ಲಿವರೆಗೂ ಎಸ್ಸೆಸ್ಸೆಲ್ಸಿ ಪಾಸಾದವರೂ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಅಂದ್ರೆ ಸಿಪಿಎಲ್‌ಗೆ, ಪ್ರಯತ್ನ ಪಡಬಹುದಿತ್ತು. ಆಮೇಲೆ ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಕಡ್ಡಾಯ ಆಯ್ತು. ಈ ನಿಯಮ ನನಗೆ ಚೆನ್ನಾಗಿ ಗೊತ್ತು. ನಾನು ಕಡೂರಿನಲ್ಲಿ ಕಾಮರ್ಸ್ ಓದಿದವನು. ಡಿಗ್ರಿ ಮುಗಿಸಿದ ವರ್ಷ ಒಂದು ಕನ್ಸಲ್ಟೆನ್ಸಿಗೆ 25 ಸಾವಿರ ಕಟ್ಟಿದ ಮೇಲೆ ಅವರು ಹೇಳಿದ್ದು, "ಕಾಮರ್ಸಾ? ಹಾಗಾದ್ರೆ ಓಪನ್ ಸ್ಕೂಲ್‌ನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬರೆದು ಬನ್ನಿ." ಮೊದಲೇ ಕೇಳಬಹುದಿತ್ತಲ್ಲ? ಕೇಳಲಿಲ್ಲ. ದುಡ್ಡು ವಾಪಸ್ ಬರಲೂ ಇಲ್ಲ. ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಪಾಸ್ ಮಾಡೋ ದಾರಿ ಇರೋದು ನಿಜ. ನಿಯಮ ಸಡಿಲಿಸಬೇಕು ಅನ್ನೋ ಪ್ರಸ್ತಾಪ 2025ರಲ್ಲಿ ಸುದ್ದಿಯಾಗಿತ್ತು. ಏಜೆಂಟ್ ಮಾತಲ್ಲ, ಡಿಜಿಸಿಎ ವೆಬ್‌ಸೈಟ್ ನೋಡಿಯೇ ನಂಬಿ.

ಈಗ ಕಥೆಯ ಎರಡನೇ ಭಾಗ. 2003ರಲ್ಲಿ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದ್ರು. 2005ರಲ್ಲಿ ಕಿಂಗ್‌ಫಿಶರ್ ಬಂತು, 2006ರಲ್ಲಿ ಇಂಡಿಗೋ ಬಂತು. ಪೈಲಟ್‌ಗಳು ಸಿಗ್ತಿಲ್ಲ ಅಂತ ಪೇಪರ್‌ನಲ್ಲಿ ದಿನಾ ಸುದ್ದಿ. ಮಧ್ಯಮ ವರ್ಗದ ಮನೆಗಳು ಸಾಲ ಮಾಡಿ ಮಕ್ಕಳನ್ನ ಫ್ಲೈಯಿಂಗ್ ಸ್ಕೂಲ್‌ಗೆ, ವಿದೇಶಕ್ಕೆ ಕಳಿಸಿದವು. ಅವರು ಲೈಸೆನ್ಸ್ ಹಿಡಿದು ಬರುವ ಹೊತ್ತಿಗೆ 2008ರ ಆರ್ಥಿಕ ಕುಸಿತ. ಏರ್ ಡೆಕ್ಕನ್ ಕಿಂಗ್‌ಫಿಶರ್ ಒಳಗೆ ಸೇರಿಹೋಯ್ತು, ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ನಿಂತೇಹೋಯ್ತು. ಸಾವಿರಾರು ಗಂಟೆ ಅನುಭವ ಇದ್ದವರೇ ಕೆಲಸ ಹುಡುಕುತ್ತಿದ್ದಾಗ 200 ಗಂಟೆಯ ಹುಡುಗರನ್ನ ಯಾರು ಕೇಳ್ತಾರೆ? ಮುಂದೆ 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2020ರಲ್ಲಿ ಕೋವಿಡ್ ಲಾಕ್‌ಡೌನ್‌ಗೆ ದೇಶದೊಳಗಿನ ವಿಮಾನಗಳು ಎರಡು ತಿಂಗಳು ನೆಲ ಬಿಟ್ಟು ಏಳಲಿಲ್ಲ.

ವ್ಯತ್ಯಾಸ ಗೊತ್ತಾಯ್ತಾ? ಜಕ್ಕೂರಿನ ಕಾಲದಲ್ಲಿ ರಿಸ್ಕ್ ಸರ್ಕಾರದ ಹೆಗಲ ಮೇಲಿತ್ತು. 2003ರ ನಂತರ ಅದು ಪೂರ್ತಿ ಮನೆಯವರ ಹೆಗಲಿಗೆ ಬಂತು. ಈ ಬದಲಾವಣೆಯನ್ನ ಯಾವ ಬ್ರೋಷರ್ ಕೂಡ ಬರೆಯಲ್ಲ.

ಆ ಕಾಲದ್ದೇ ಇನ್ನೊಂದು ಪಾಠ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದರು. ಹಾರದೇ ಇದ್ದ ಗಂಟೆಗಳನ್ನ ಲಾಗ್‌ಬುಕ್‌ನಲ್ಲಿ ಬರೆದುಕೊಟ್ಟ ಪ್ರಕರಣಗಳೂ ಹೊರಬಂದವು. ಬೇಡಿಕೆ ಉಬ್ಬಿದಾಗ ಅಡ್ಡದಾರಿಗಳೂ ಹುಟ್ಟುತ್ತವೆ. ಈಗ ಮತ್ತೆ ಬೇಡಿಕೆ ಉಬ್ಬಿದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಅದೇ ವರ್ಷ ಫೆಬ್ರವರಿ 27ಕ್ಕೆ ಶಿವಮೊಗ್ಗದ ಸೋಗಾನೆಯಲ್ಲಿ ಏರ್‌ಪೋರ್ಟ್ ಉದ್ಘಾಟನೆ, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ. ತರೀಕೆರೆ ಹುಡುಗಿ ತಲೆಯೆತ್ತಿ ನೋಡಿದ ವಿಮಾನ ಈಗ ಪಕ್ಕದ ಜಿಲ್ಲೆಯಲ್ಲೇ ಇಳಿಯುತ್ತೆ. ಆಸೆ ಹುಟ್ಟೋದು ಸಹಜ.

ಹಾಗಾದ್ರೆ ಏನು ಮಾಡಬೇಕು? ದಾರಿ ಮೊದಲು ಹೇಳ್ತೀನಿ. ಸಿಪಿಎಲ್‌ಗೆ 18 ವರ್ಷ ತುಂಬಿರಬೇಕು. ಮೆಡಿಕಲ್ ಪಾಸಾಗಬೇಕು: ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಕ್ಲಾಸ್ 1 ಮಾಡುವ ಕಡೆಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ನಂತರ ಡಿಜಿಸಿಎ ಪರೀಕ್ಷೆಗಳು: ನ್ಯಾವಿಗೇಷನ್, ಹವಾಮಾನ, ವಾಯು ನಿಯಮ, ಟೆಕ್ನಿಕಲ್. ಜೊತೆಗೆ ರೇಡಿಯೊ ಪರೀಕ್ಷೆ. ಹಾರಾಟ ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದ್ರೆ ವಿಮಾನದ ಹೊಣೆ ತಾನೇ ಹೊತ್ತು. ಇಷ್ಟಾದ್ರೆ ಸಿಪಿಎಲ್. ಅದು ಕೆಲಸ ಅಲ್ಲ, ಲೈಸೆನ್ಸ್ ಮಾತ್ರ. ಏರ್‌ಲೈನ್‌ಗೆ ಹೋಗೋಕೆ ಏರ್‌ಬಸ್ ಅಥವಾ ಬೋಯಿಂಗ್ ಮಾದರಿಯ ಟೈಪ್ ರೇಟಿಂಗ್ ಬೇರೆ, ಅದರ ಖರ್ಚೂ ಬೇರೆ. ಕ್ಯಾಪ್ಟನ್ ಆಗೋಕೆ ಬೇಕಾದ ಎಟಿಪಿಎಲ್ 1500 ಗಂಟೆ ಆದ ಮೇಲಿನ ಮಾತು.

ದುಡ್ಡು ಕಟ್ಟೋ ಮೊದಲು ಮೆಡಿಕಲ್ ಮಾಡಿಸಿ. ಇದೊಂದು ಮಾತು ನೆನಪಿಟ್ಟರೆ ಇವತ್ತಿನ ಎಪಿಸೋಡ್ ಸಾರ್ಥಕ. ತೋಟ ಮಾರಿದ ಮೇಲೆ ಕಣ್ಣಿನಲ್ಲೋ ಕಿವಿಯಲ್ಲೋ ದೋಷ ಗೊತ್ತಾದ್ರೆ ತೋಟ ವಾಪಸ್ ಬರಲ್ಲ. ಡಿಜಿಸಿಎ ಪರೀಕ್ಷೆಗಳನ್ನೂ ಹಾರಾಟಕ್ಕೆ ಸೇರೋ ಮುಂಚೆಯೇ ಬರೆಯಬಹುದು. ಅದರ ಖರ್ಚು ಹಾರಾಟದ ಮುಂದೆ ಬಹಳ ಸಣ್ಣದು. ಮಗಳಿಗೆ ಇದು ಒಗ್ಗುತ್ತಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತೆ.

ಇನ್ನು ಸ್ಕೂಲ್. ಅಜ್ಜಂಪುರದ ಅಮೃತ ಮಹಲ್ ಹೋರಿಗಳ ಹರಾಜು ನೋಡಿದ್ದೀರಲ್ಲ? ಕೊಳ್ಳೋ ರೈತ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ಗೊರಸು ನೋಡ್ತಾನೆ, ನಡಿಗೆ ನೋಡ್ತಾನೆ. ಫೋಟೋ ನೋಡಿ ಯಾರೂ ಹೋರಿ ಕೊಳ್ಳಲ್ಲ. ಅದಕ್ಕಿಂತ ಎಷ್ಟೋ ಪಟ್ಟು ದುಡ್ಡನ್ನ ಇನ್‌ಸ್ಟಾಗ್ರಾಂ ರೀಲ್ ನೋಡಿ ಕಟ್ಟೋದು ಸರಿನಾ?

ಸ್ಕೂಲಿಗೆ ಖುದ್ದಾಗಿ ಹೋಗಿ. ಕೇಳಬೇಕಾದ್ದು ಮೂರು. ಒಂದು, ಇವತ್ತು ಹಾರೋ ಸ್ಥಿತಿಯಲ್ಲಿರೋ ವಿಮಾನ ಎಷ್ಟು, ವಿದ್ಯಾರ್ಥಿಗಳೆಷ್ಟು, ಇನ್‌ಸ್ಟ್ರಕ್ಟರ್‌ಗಳೆಷ್ಟು? ಎರಡು, ಕಳೆದ ವರ್ಷ ಒಬ್ಬ ವಿದ್ಯಾರ್ಥಿ ತಿಂಗಳಿಗೆ ಸರಾಸರಿ ಎಷ್ಟು ಗಂಟೆ ಹಾರಿದ? ಮೂರು, ಮಧ್ಯದಲ್ಲಿ ನಿಂತರೆ ಉಳಿದ ದುಡ್ಡು ವಾಪಸ್ ಸಿಗುತ್ತಾ, ಬರವಣಿಗೆಯಲ್ಲಿ ಕೊಡ್ತಾರಾ? ಈ ಉತ್ತರಗಳನ್ನ ಆಫೀಸಲ್ಲಿ ಮಾತ್ರ ಕೇಳಬೇಡಿ, ಹೊರಗೆ ಟೀ ಅಂಗಡಿಯಲ್ಲಿ ನಿಂತಿರೋ ವಿದ್ಯಾರ್ಥಿಗಳನ್ನೂ ಕೇಳಿ.

ಎರಡನೇ ಪ್ರಶ್ನೆ ಯಾಕೆ ಮುಖ್ಯ ಅಂತ ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಉದಾಹರಣೆಗೆ 40 ಲಕ್ಷ ಸಾಲ, 11 ಪರ್ಸೆಂಟ್ ಬಡ್ಡಿ ಅಂದುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 4 ಲಕ್ಷ 40 ಸಾವಿರ. ತಿಂಗಳಿಗೆ 36 ಸಾವಿರದ ಮೇಲೆ. ತಿಂಗಳಿಗೆ 15 ಗಂಟೆ ಹಾರಿಸೋ ಸ್ಕೂಲ್‌ನಲ್ಲಿ 200 ಗಂಟೆಗೆ 13-14 ತಿಂಗಳು. 6 ಗಂಟೆ ಹಾರಿಸೋ ಕಡೆ 33 ತಿಂಗಳು. 20 ತಿಂಗಳ ವ್ಯತ್ಯಾಸಕ್ಕೆ ಬಡ್ಡಿ 7 ಲಕ್ಷ ದಾಟುತ್ತೆ. ಫೀಸು ಕಮ್ಮಿ ಅಂತ ಸೇರಿದ ಸ್ಕೂಲೇ ದುಬಾರಿ ಆಗೋದು ಹೀಗೆ.

ಡಿಜಿಸಿಎ 2025ರ ಅಕ್ಟೋಬರ್ 1ರಿಂದ ಫ್ಲೈಯಿಂಗ್ ಸ್ಕೂಲ್‌ಗಳಿಗೆ ರ‍್ಯಾಂಕಿಂಗ್ ಕೊಡೋಕೆ ಶುರು ಮಾಡಿದೆ. ವರ್ಷಕ್ಕೆ ಎರಡು ಸಲ. ಮೊದಲ ಪಟ್ಟಿಯಲ್ಲಿ ಎ ಪ್ಲಸ್ ಪ್ಲಸ್ ಆಗಲಿ, ಎ ಆಗಲಿ ಒಂದು ಸ್ಕೂಲಿಗೂ ಸಿಗಲಿಲ್ಲ. "ನಮ್ಮದೇ ನಂಬರ್ ಒನ್" ಅನ್ನೋರ ಮುಂದೆ ಆ ಪಟ್ಟಿ ತೆಗೆದು ಇಡಿ.

ಕರ್ನಾಟಕದಲ್ಲೇ ಕಲೀಬೇಕು ಅಂದ್ರೆ ಜಕ್ಕೂರು ಇದೆ. ಮಧ್ಯೆ ವರ್ಷಗಟ್ಟಲೆ ತರಬೇತಿ ನಿಂತು, ಮತ್ತೆ ಶುರುವಾದ ಶಾಲೆ ಅದು. ಸರ್ಕಾರಿ ಅಂತ ಕಣ್ಣು ಮುಚ್ಚಿ ಸೇರಬೇಡಿ, ಅದೇ ಮೂರು ಪ್ರಶ್ನೆ ಅಲ್ಲೂ ಕೇಳಿ. 2021ರಲ್ಲಿ ಏರ್‌ಪೋರ್ಟ್ ಪ್ರಾಧಿಕಾರ ಹೊಸ ತರಬೇತಿ ಸ್ಕೂಲ್‌ಗಳಿಗೆ ಜಾಗ ಕೊಟ್ಟ ಊರುಗಳಲ್ಲಿ ನಮ್ಮ ಬೆಳಗಾವಿ, ಕಲಬುರಗಿಯೂ ಇವೆ. ವಿದೇಶಕ್ಕೆ ಹೋದ್ರೆ ಹಾರಾಟ ಬೇಗ ಮುಗಿಯಬಹುದು, ಆದ್ರೆ ಬಂದ ಮೇಲೆ ಇಲ್ಲಿನ ಲೈಸೆನ್ಸ್‌ಗೆ ಪರಿವರ್ತನೆ ಮಾಡಿಸಬೇಕು. ಏರ್‌ಲೈನ್‌ಗಳ ಕೆಡೆಟ್ ಕಾರ್ಯಕ್ರಮದಲ್ಲಿ ಕೆಲಸದ ದಾರಿ ಹತ್ತಿರ, ಖರ್ಚು ಕೋಟಿಯ ಸುತ್ತಮುತ್ತ. ಅಲ್ಲೂ ಒಪ್ಪಂದ ಪೂರ್ತಿ ಓದಿ, ಕೆಲಸ ಗ್ಯಾರಂಟಿ ಅಂತ ಬರೆದಿದೆಯಾ ಅಂತ ಹುಡುಕಿ.

ಕೊನೆಗೆ ಆ ಅಣ್ಣನವರಿಗೆ ನಾನು ಕಳಿಸಿದ ಉತ್ತರ: "ಅಣ್ಣ, ಮಗಳನ್ನ ತಡೀಬೇಡಿ. ಈ ವಾರ ದುಡ್ಡೂ ಕಟ್ಟಬೇಡಿ. ಮೊದಲು ಮೆಡಿಕಲ್, ಆಮೇಲೆ ಪರೀಕ್ಷೆ, ಆಮೇಲೆ ಸ್ಕೂಲ್ ನೋಡೋಕೆ ಇಬ್ಬರೂ ಹೋಗಿ. ಲೈಸೆನ್ಸ್ ಬಂದು ಎರಡು ವರ್ಷ ಕೆಲಸ ಸಿಗದಿದ್ರೂ ಮನೆ ನಡೆಯುತ್ತೆ ಅನ್ನೋ ಲೆಕ್ಕ ಕೂಡಿದ್ರೆ ಮಾತ್ರ ತೋಟದ ಮಾತು."

ಮಾರನೇ ದಿನ ಅವರ ಮೆಸೇಜ್ ಬಂತು. ಏಜೆಂಟ್‌ಗೆ ಬೇಡ ಅಂದ್ರಂತೆ. ಮಗಳು ಮೆಡಿಕಲ್‌ಗೆ ಡಾಕ್ಟರ್ ಯಾರಿದ್ದಾರೆ ಅಂತ ಹುಡುಕ್ತಿದ್ದಾಳಂತೆ. ಏನಾಯ್ತು ಅಂತ ತಿಳಿಸ್ತೀನಿ ಅಂದಿದ್ದಾರೆ. ನಾನೂ ನಿಮಗೆ ತಿಳಿಸ್ತೀನಿ.

ನಿಮ್ಮ ಮನೇಲಿ, ಪಕ್ಕದ ಮನೇಲಿ ಇದೇ ಹಟ ಹಿಡಿದವರು ಇದ್ರೆ ಈ ಎಪಿಸೋಡ್ ಕಳಿಸಿ. ಅಪ್ಪ ಅಮ್ಮನಿಗೂ ಕೇಳಿಸಿ.