ಮಧೂರಿನ ಸುತ್ತ ಸರಿದ ಗಡಿಗಳು

ಮಧುವಾಹಿನಿಯ ದಡದಲ್ಲಿ ಶ್ರೀ ಮದನಂತೇಶ್ವರನೂ ಸಿದ್ಧಿವಿನಾಯಕನೂ ನೆಲೆಸಿದ ಮಧೂರು ಕ್ಷೇತ್ರವನ್ನು ಅರಿಯದ ಭಕ್ತರು ಕಾಸರಗೋಡು ಸೀಮೆಯಲ್ಲಿ ಇಲ್ಲ. ದೇವರು ನಿಂತಲ್ಲೇ ನಿಂತಿದ್ದಾನೆ. ಆದರೆ ಆ ನೆಲದ ಮೇಲಿನ ಸರಕಾರ, ಜಿಲ್ಲೆ, ತಾಲೂಕು, ಪಂಚಾಯತುಗಳ ಗೆರೆಗಳು ಎಷ್ಟು ಸಲ ಸರಿದಿವೆ ಎಂಬುದನ್ನು ಈಗಿನ ಮಕ್ಕಳು ಕೇಳಿ ತಿಳಿದಿರುವುದು ಕಡಿಮೆ. ಅದನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳುವುದು ಉಚಿತವೆನಿಸುತ್ತದೆ.

ಕುಂಬಳೆ ಅರಸರ ಕಾಲ, ಇಕ್ಕೇರಿ ನಾಯಕರು ಬೇಕಲದಲ್ಲಿ ಕೋಟೆ ಕಟ್ಟಿದ ಕಾಲ, ಹೈದರ್ ಮತ್ತು ಟಿಪ್ಪುವಿನ ಕಾಲ ಇವೆಲ್ಲ ಕಳೆದು, 1799ರಲ್ಲಿ ಈ ಸೀಮೆ ಇಂಗ್ಲಿಷರ ಕೈಸೇರಿ ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಯಾಯಿತು. ಮುಂದೆ ಆ ಜಿಲ್ಲೆಯನ್ನು ಉತ್ತರ, ದಕ್ಷಿಣವೆಂದು ಎರಡು ಮಾಡಿ, 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಕೊಟ್ಟರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಅದರ ತೆಂಕಣ ತುದಿಯಲ್ಲಿದ್ದ ಬೇಕಲ ತಾಲೂಕು ಕಾಸರಗೋಡು ತಾಲೂಕೆಂದು ಹೆಸರು ಪಡೆಯಿತು. ಆಗ ಊರಿಗೆ ಸರಕಾರವೆಂದರೆ ಪಟೇಲ, ಶಾನುಭೋಗ, ಉಗ್ರಾಣಿ ಈ ಮೂವರೇ. ಶಾನುಭೋಗರ ಲೆಕ್ಕ ಕನ್ನಡದಲ್ಲಿ. ಹೀಗಾಗಿ ಮನೆಗಳ, ದೇವಸ್ಥಾನಗಳ ಪೆಟ್ಟಿಗೆಗಳಲ್ಲಿರುವ ಹಳೆಯ ವರ್ಗದ ಕಾಗದ, ಮೂಲಗೇಣಿ ಚೀಟುಗಳು ಕನ್ನಡ ಲಿಪಿಯಲ್ಲಿವೆ.

ದೊಡ್ಡ ಬದಲಾವಣೆ ಬಂದದ್ದು 1956ರಲ್ಲಿ. 1953ರ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿಯವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಅದು ಕಾಸರಗೋಡು ತಾಲೂಕನ್ನು ಒಂದೇ ಘಟಕವೆಂದು ಹಿಡಿದು ಕೇರಳಕ್ಕೆ ಸೇರಿಸಬೇಕೆಂದಿತು. ಇಲ್ಲಿಯೇ ಎಲ್ಲ ತಕರಾರು ಹುಟ್ಟಿದ್ದು. ಅಳೆಯುವ ಸೇರು ಯಾವುದೆಂಬುದರ ಮೇಲೆ ಅಕ್ಕಿಯ ಲೆಕ್ಕ ನಿಲ್ಲುತ್ತದೆ. ಇಡೀ ತಾಲೂಕನ್ನು ಸೇರಾಗಿ ಹಿಡಿದರೆ ಮಲಯಾಳಂ ಹೆಚ್ಚು. ಚಂದ್ರಗಿರಿ ಹೊಳೆಯಿಂದ ಬಡಗಣ ಊರುಗಳನ್ನು ಬೇರೆಯಾಗಿ ಅಳೆದರೆ ಕನ್ನಡ, ತುಳುವಿನ ಮಾತು ಬೇರೆ. ನವೆಂಬರ್ 1ರಂದು ತಾಲೂಕು ಇಡಿಯಾಗಿ ಕೇರಳದ ಮಲಬಾರ್ ಜಿಲ್ಲೆಗೆ ಹೋಯಿತು. ಮಂಗಳೂರಿನ ಕಲೆಕ್ಟರರಿಗೆ ಅರ್ಜಿ ಬರೆಯುತ್ತಿದ್ದವರು ಕಲ್ಲಿಕೋಟೆಗೆ ಬರೆಯಬೇಕಾಯಿತು. ಅದೂ ಎರಡೇ ತಿಂಗಳು. 1957ರ ಜನವರಿ 1ರಂದು ಮಲಬಾರನ್ನು ಮೂರು ಮಾಡಿದಾಗ ನಮ್ಮ ಸೀಮೆ ಕಣ್ಣೂರು ಜಿಲ್ಲೆಗೆ ಸೇರಿತು. ತಾಲೂಕನ್ನೂ ಒಡೆದು ಹೊಸದುರ್ಗ ತಾಲೂಕು ಮಾಡಿದರು. ಕೇರಳ ಸರಕಾರ ಮಾಡಿದ ಹೊಸ ತಾಲೂಕಿಗೆ ಅಚ್ಚಕನ್ನಡದ ಹೆಸರೇ ಬಂತು ಎಂಬುದು ಸ್ವಾರಸ್ಯದ ಸಂಗತಿ.

ಜನರು ಸುಮ್ಮನೆ ಕೂರಲಿಲ್ಲ. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರರ ಪ್ರಾಯದಲ್ಲಿ ಕಣ್ಮುಚ್ಚುವವರೆಗೂ ವಿಲೀನದ ಮಾತನ್ನು ಬಿಡಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷದ ವರದಿಯಲ್ಲಿ ಚಂದ್ರಗಿರಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಕೇರಳ ಒಪ್ಪಲಿಲ್ಲ, ಕೇಂದ್ರ ಜಾರಿಗೆ ತರಲಿಲ್ಲ. ವರದಿ ಕಪಾಟಿನಲ್ಲಿ ಉಳಿಯಿತು.

ಮಧೂರಿನ ಮೂಡಪ್ಪ ಸೇವೆ 1962, 1992 ಮತ್ತು 2025ರಲ್ಲಿ ನಡೆಯಿತು. ಆ ಮೂರು ವರ್ಷಗಳಲ್ಲಿ ಊರ ಆಡಳಿತವೂ ಮೂರು ಬಗೆಯಾಗಿತ್ತು. ಮೊದಲ ಸೇವೆಯ ವೇಳೆಗೆ ಜಿಲ್ಲಾ ಕೇಂದ್ರ ಕಣ್ಣೂರು. 1960ರ ಕೇರಳ ಪಂಚಾಯತು ಕಾಯಿದೆ ಆಗತಾನೆ, 1962ರ ಜನವರಿಯಲ್ಲಿ, ಜಾರಿಗೆ ಬಂದಿತ್ತು. ಅದರಂತೆ ಆರಿಸಿ ಬಂದ ಪಂಚಾಯತುಗಳು ಅಧಿಕಾರ ವಹಿಸಿದ್ದು 1964ರ ಜನವರಿ 1ರಂದು. ಎರಡನೆಯ ಸೇವೆಗೆ ಬಂದ ಭಕ್ತರು ಬಂದದ್ದು ಕಾಸರಗೋಡು ಜಿಲ್ಲೆಗೆ. 1984ರ ಮೇ 24ರಂದು ಕಾಸರಗೋಡು, ಹೊಸದುರ್ಗ ತಾಲೂಕುಗಳನ್ನು ಕಣ್ಣೂರಿನಿಂದ ಬೇರ್ಪಡಿಸಿ ಕೇರಳದ ಹದಿನಾಲ್ಕನೆಯ ಜಿಲ್ಲೆ ಮಾಡಿದ್ದರು. ಒಂದು ರುಜುವಿಗಾಗಿ ರೈಲು ಹತ್ತಿ ಕಣ್ಣೂರಿಗೆ ಹೋಗುವ ಕಷ್ಟ ತಪ್ಪಿತು. ಕನ್ನಡಿಗರ ಮೂಲ ಬೇಡಿಕೆ ಅದಲ್ಲದಿದ್ದರೂ ಇದು ಸಣ್ಣ ಉಪಕಾರವಲ್ಲ.

1992ರ ಕೊನೆಗೆ ಸಂಸತ್ತು ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳನ್ನು ಮಾಡಿತು. ಅದರ ಫಲವಾಗಿ ಕೇರಳದಲ್ಲಿ 1994ರ ಪಂಚಾಯತ್ ರಾಜ್ ಕಾಯಿದೆ, ಮುನಿಸಿಪಾಲಿಟಿ ಕಾಯಿದೆಗಳು ಬಂದವು. ಪಂಚಾಯತನ್ನು ಕೂಡಿಸುವುದು, ಒಡೆಯುವುದು, ಹೆಸರು ಬದಲಿಸುವುದು ಎಲ್ಲವೂ ಸರಕಾರದ ಅಧಿಸೂಚನೆಯಿಂದಲೇ ಆಗಬೇಕು. ಪಂಚಾಯತು ನಗರಸಭೆಯಾಗುವುದಕ್ಕೆ ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ವರಮಾನ, ಬೇಸಾಯವಲ್ಲದ ಉದ್ಯೋಗದವರ ಪ್ರಮಾಣ ಇವನ್ನು ನೋಡುತ್ತಾರೆ. ನೀಲೇಶ್ವರ 2010ರಲ್ಲಿ ಹೀಗೆ ನಗರಸಭೆಯಾಯಿತು. ಇಂಥ ಬದಲಾವಣೆಯಲ್ಲಿ ಬೋರ್ಡು ಮಾತ್ರ ಬದಲಾಗುವುದೆಂದು ತಿಳಿಯಬಾರದು. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಪಂಚಾಯತಿನವರಿಗೆ ಉಂಟು, ನಗರಸಭೆಯವರಿಗೆ ಇಲ್ಲ. ಅವರಿಗೆ ಕೇರಳ ಬೇರೆ ಯೋಜನೆ ಮಾಡಬೇಕಾಯಿತು. 2014ರಲ್ಲಿ ಮಂಜೇಶ್ವರ, ವೆಳ್ಳರಿಕುಂಡು ಎಂಬ ಎರಡು ತಾಲೂಕುಗಳು ಹುಟ್ಟಿದವು. ಮಂಜೇಶ್ವರ ತಾಲೂಕಿನ ಕಚೇರಿ ಇರುವುದು ಉಪ್ಪಳದಲ್ಲಿ!

ದೇವಸ್ಥಾನಗಳ ಕಾನೂನು ಮಾತ್ರ ಈ ಓಟದಲ್ಲಿ ಹಿಂದೆ ಉಳಿಯಿತು. ರಾಜ್ಯ ಬದಲಾದರೂ 1951ರ ಮದರಾಸು ಹಿಂದೂ ಧಾರ್ಮಿಕ ದತ್ತಿ ಕಾಯಿದೆಯೇ ಮಲಬಾರ್ ಭಾಗದಲ್ಲಿ ಮುಂದುವರಿಯಿತು. ಅದಕ್ಕೆ ತಿದ್ದುಪಡಿ ಮಾಡಿ ಮಲಬಾರ್ ದೇವಸ್ವಂ ಬೋರ್ಡು ರಚಿಸಿದ್ದು 2008ರ ಅಕ್ಟೋಬರ್ 2ರಂದು. ಹಾಗೆಯೇ ಕುಮ್ಕಿ ಹಕ್ಕು. ಕದೀಂ ವರ್ಗದ ಸುತ್ತಲಿನ ಸರಕಾರಿ ಬಂಜರಿನಿಂದ ಸೊಪ್ಪು, ಕಟ್ಟಿಗೆ ತರುವ ಈ ಪದ್ಧತಿ ಹಳೆಯ ದಕ್ಷಿಣ ಕನ್ನಡದ್ದು. ತಾಲೂಕು ಗಡಿ ದಾಟಿದಾಗ ಇದೂ ಜೊತೆಗೆ ದಾಟಿತು. ತೆಂಕಣಿಂದ ಬಂದ ಅಧಿಕಾರಿಗೆ ಕುಮ್ಕಿಯೆಂದರೇನೆಂದು ಮೊದಲಿನಿಂದ ವಿವರಿಸಬೇಕಾಗುವುದು ಸಹಜವೇ.

ಮೂರನೆಯ ಮೂಡಪ್ಪ ಸೇವೆಯ 2025ನೇ ವರ್ಷ ಕೇರಳದಲ್ಲೆಲ್ಲ ವಾರ್ಡುಗಳ ಗಡಿ ಮತ್ತೆ ಬರೆದ ವರ್ಷ. 2024ರ ತಿದ್ದುಪಡಿಯಿಂದ ಗ್ರಾಮ ಪಂಚಾಯತಿನ ವಾರ್ಡುಗಳು ಕನಿಷ್ಠ 13 ಇದ್ದದ್ದು 14 ಆದವು, ಗರಿಷ್ಠ 23 ಇದ್ದದ್ದು 24. ಹೊಸ ಗಡಿಯ ಮೇಲೆ ಆ ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಹೊಳೆ, ತೋಡು, ರಸ್ತೆಗಳನ್ನು ಎಲ್ಲೆಯಾಗಿ ಹಿಡಿದು ಗೆರೆ ಎಳೆಯುತ್ತಾರೆ. ಒಂದೇ ಭಾಷೆಯವರ ಕೇರಿ ಎರಡು ವಾರ್ಡಿಗೆ ಹಂಚಿಹೋದರೆ ಅವರ ಮಾತಿಗೆ ಎರಡು ಕಡೆಯೂ ಬಲವಿರುವುದಿಲ್ಲ. 1956ರಲ್ಲಿ ತಾಲೂಕಿನ ಮಟ್ಟದಲ್ಲಿ ಆದ ಸೇರಿನ ಲೆಕ್ಕ ಈಗ ಕೇರಿಯ ಮಟ್ಟದಲ್ಲಿ ನಡೆಯುತ್ತದೆ.

ಆದರೆ ಇದು ಗುಟ್ಟಾಗಿ ಆಗುವ ಕೆಲಸವಲ್ಲ. ಕರಡು ಪ್ರಕಟಿಸಿ, ಆಕ್ಷೇಪಕ್ಕೆ ದಿನ ಕೊಟ್ಟು, ದೂರು ಕೇಳಿದ ಮೇಲೆಯೇ ಅದು ಅಂತಿಮವಾಗುತ್ತದೆ. ಕರಡು ಬಂದ ದಿನ ಪಂಚಾಯತು ಕಚೇರಿಗೆ ಹೋಗಿ ನೋಡುವವರು ಬೆರಳೆಣಿಕೆಯಷ್ಟು. ಗಡಿ ಖಚಿತವಾದ ಮೇಲೆ ಅಂಗಡಿ ಕಟ್ಟೆಯಲ್ಲಿ ಕೂತು ಬೈಯುವವರು ಬಹಳ. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಈ ಸೀಮೆಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ವ್ಯವಹರಿಸುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅರ್ಜಿ ಬರೆಯುವವರು ಅದನ್ನು ಕನ್ನಡದಲ್ಲಿಯೇ ಬರೆದು, ನಕಲು ಪ್ರತಿಯೊಂದಕ್ಕೆ ಕಚೇರಿಯ ಮೊಹರು ಹಾಕಿಸಿ, ಹಳೆಯ ವರ್ಗದ ಕಾಗದಗಳಿರುವ ಅದೇ ಪೆಟ್ಟಿಗೆಯಲ್ಲಿ ಇಡಬಹುದು.