ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುವುದನ್ನು ತಡೆಯುವುದು ಹೇಗೆ? ಅಪ್‌ಡೇಟನ್ನೇ ನಿಲ್ಲಿಸಿಬಿಡಬಹುದೇ?

ವಿಡಿಯೊ ರೆಂಡರ್ ಆಗಲೆಂದು ರಾತ್ರಿ ಕಂಪ್ಯೂಟರನ್ನು ಹಾಗೇ ಬಿಟ್ಟು ಮಲಗಿರುತ್ತೀರಿ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಪುಟ ಮಾತ್ರ ಇರುತ್ತದೆ. ರೆಂಡರ್ ಅರ್ಧಕ್ಕೇ ನಿಂತಿದೆ, ಸೇವ್ ಮಾಡದ ಫೈಲ್ ಹೋಗಿದೆ, ತೆರೆದಿಟ್ಟ ಕಿಟಕಿಗಳೆಲ್ಲ ಮುಚ್ಚಿವೆ. ರಾತ್ರಿ ಯಾವಾಗಲೋ ವಿಂಡೋಸ್ ಅಪ್‌ಡೇಟ್ ಹಾಕಿಕೊಂಡು ತಾನೇ ರೀಸ್ಟಾರ್ಟ್ ಆಗಿದೆ. ಇಂಥ ಒಂದು ಬೆಳಗನ್ನು ಕಂಡವರು ಸಿಟ್ಟಿನಲ್ಲಿ ಮೊದಲು ಹುಡುಕುವುದು ‘ವಿಂಡೋಸ್ ಅಪ್‌ಡೇಟ್ ಶಾಶ್ವತವಾಗಿ ನಿಲ್ಲಿಸುವುದು ಹೇಗೆ’ ಎಂದು. ಅದಕ್ಕೆ ಹತ್ತಾರು ವಿಡಿಯೊಗಳೂ ಸಿಗುತ್ತವೆ.

ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಅಪ್‌ಡೇಟ್ ಬರುವುದು ಒಂದು, ರೀಸ್ಟಾರ್ಟ್ ಆಗುವ ಸಮಯ ಇನ್ನೊಂದು. ನಮ್ಮ ಕೆಲಸ ಕೆಡಿಸುವುದು ಎರಡನೆಯದು, ನಮ್ಮ ಕಂಪ್ಯೂಟರನ್ನು ಕಾಯುವುದು ಮೊದಲನೆಯದು. ಎರಡನೆಯದರ ಮೇಲಿನ ಸಿಟ್ಟಿಗೆ ಮೊದಲನೆಯದನ್ನು ಬಲಿ ಕೊಡಬೇಕಾಗಿಲ್ಲ. ರೀಸ್ಟಾರ್ಟ್ ಯಾವಾಗ ಆಗಬೇಕು ಎಂಬುದನ್ನು ಬಹುಮಟ್ಟಿಗೆ ನಾವೇ ನಿರ್ಧರಿಸಲು ವಿಂಡೋಸ್‌ನಲ್ಲೇ ದಾರಿಗಳಿವೆ. ಅವು ಯಾವುವು ಎಂದು ಈ ಬರಹದಲ್ಲಿ ತಿಳಿಯೋಣ.

ರೀಸ್ಟಾರ್ಟ್ ಯಾಕೆ ಬೇಕು?

ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಲು ಆಗುವುದಿಲ್ಲ, ಬಸ್ಸು ನಿಲ್ಲಲೇಬೇಕು. ಇದೂ ಹೆಚ್ಚುಕಡಿಮೆ ಹಾಗೆಯೇ. ಕಂಪ್ಯೂಟರ್ ಆನ್ ಇರುವಷ್ಟು ಹೊತ್ತೂ ವಿಂಡೋಸ್‌ನ ಮುಖ್ಯ ಫೈಲುಗಳು ಬಳಕೆಯಲ್ಲಿರುತ್ತವೆ. ಬಳಕೆಯಲ್ಲಿರುವ ಫೈಲನ್ನು ಅಳಿಸಲು, ಅದರ ಜಾಗದಲ್ಲಿ ಇನ್ನೊಂದನ್ನು ಇಡಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಹೊಸ ಫೈಲುಗಳನ್ನು ಪಕ್ಕದಲ್ಲಿ ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಮುಚ್ಚಿ ತೆರೆಯುವ ನಡುವಿನ ಹೊತ್ತಿನಲ್ಲಿ, ಹಳೆಯ ಫೈಲುಗಳು ಯಾರ ಕೈಯಲ್ಲೂ ಇಲ್ಲದಿರುವಾಗ, ಅವನ್ನು ತೆಗೆದು ಹೊಸವನ್ನು ಕೂರಿಸುತ್ತದೆ.

ಅಲ್ಲಿಯವರೆಗೆ ಅಪ್‌ಡೇಟ್ ಡೌನ್‌ಲೋಡ್ ಆಗಿದ್ದರೂ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯ, ಲೋಪವಿರುವ ತಂತ್ರಾಂಶವೇ. ಅಂದರೆ ರೀಸ್ಟಾರ್ಟ್ ಆಗದ ಅಪ್‌ಡೇಟ್ ಅರ್ಧ ಅಪ್‌ಡೇಟ್. ರೀಸ್ಟಾರ್ಟ್ ಇಲ್ಲದೆಯೇ ತಿಂಗಳ ಅಪ್‌ಡೇಟ್ ಹಾಕುವ ‘ಹಾಟ್‌ಪ್ಯಾಚ್’ ಎಂಬ ವಿಧಾನವನ್ನು ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ಕ್ಕೆ ತಂದಿತಾದರೂ ಅದು ಸಂಸ್ಥೆಗಳು ಬಳಸುವ ಎಂಟರ್‌ಪ್ರೈಸ್ ಆವೃತ್ತಿಗೆ ಮೀಸಲು. ಅಲ್ಲಿಯೂ ಮೂರು ತಿಂಗಳಿಗೊಮ್ಮೆ ರೀಸ್ಟಾರ್ಟ್ ತಪ್ಪಿದ್ದಲ್ಲ.

ಅಪ್‌ಡೇಟ್ ಬರುವ ದಿನ ಮೊದಲೇ ಗೊತ್ತು

ವಿಂಡೋಸ್ ಅಪ್‌ಡೇಟ್ ಹೇಳದೆ ಕೇಳದೆ ಬರುತ್ತದೆ ಎಂದು ನಮಗೆ ಅನ್ನಿಸುತ್ತದೆ. ಆದರೆ ಸುರಕ್ಷತೆಗೆ ಸಂಬಂಧಿಸಿದ ಅಪ್‌ಡೇಟುಗಳನ್ನು ಮೈಕ್ರೋಸಾಫ್ಟ್ 2003ರಿಂದಲೂ ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತಾ ಬಂದಿದೆ. ಇದಕ್ಕೆ ‘ಪ್ಯಾಚ್ ಟ್ಯೂಸ್‌ಡೇ’ ಎಂಬ ಹೆಸರೇ ಇದೆ. ಬಿಡುಗಡೆಯಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10 ಗಂಟೆಗೆ. ಭಾರತದಲ್ಲಿ ಆಗ ಮಂಗಳವಾರ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಹೀಗಾಗಿ ನಮ್ಮ ಕಂಪ್ಯೂಟರುಗಳಿಗೆ ಅದು ಸಿಗುವುದು ಹೆಚ್ಚಾಗಿ ಬುಧವಾರ ಮತ್ತು ಅದರ ನಂತರದ ದಿನಗಳಲ್ಲಿ. ತುರ್ತು ಸಂದರ್ಭದಲ್ಲಿ ಬೇರೆ ದಿನವೂ ಬರಬಹುದು, ಆದರೆ ಅದು ಅಪರೂಪ.

ರೀಸ್ಟಾರ್ಟ್ ಸಮಯವನ್ನು ಕೈಗೆ ತೆಗೆದುಕೊಳ್ಳುವುದು ಹೇಗೆ?

ಕೆಳಗಿನ ಹೆಜ್ಜೆಗಳು ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲೂ ಇವುಗಳಲ್ಲಿ ಹೆಚ್ಚಿನವು ಇವೆ, ಇರುವ ಜಾಗ ಸ್ವಲ್ಪ ಬೇರೆ.

1. ಆ್ಯಕ್ಟಿವ್ ಅವರ್ಸ್: ನೀವು ಕೆಲಸ ಮಾಡುವ ಹೊತ್ತು ಯಾವುದೆಂದು ವಿಂಡೋಸ್‌ಗೆ ತಿಳಿಸುವ ಆಯ್ಕೆ ಇದು. ಆ ಹೊತ್ತಿನಲ್ಲಿ ಅದು ಅಪ್‌ಡೇಟಿಗಾಗಿ ತಾನಾಗಿ ರೀಸ್ಟಾರ್ಟ್ ಮಾಡುವುದಿಲ್ಲ. ಸೆಟ್ಟಿಂಗ್ಸ್ > ವಿಂಡೋಸ್ ಅಪ್‌ಡೇಟ್ > ಅಡ್ವಾನ್ಸ್ಡ್ ಆಪ್ಷನ್ಸ್ > ಆ್ಯಕ್ಟಿವ್ ಅವರ್ಸ್ ಎಂಬಲ್ಲಿಗೆ ಹೋಗಿ. ಅಲ್ಲಿ ‘ಆಟೊಮ್ಯಾಟಿಕ್’ ಎಂದಿದ್ದರೆ ನಿಮ್ಮ ಬಳಕೆ ನೋಡಿ ವಿಂಡೋಸ್ ತಾನೇ ಸಮಯವನ್ನು ಅಂದಾಜು ಮಾಡುತ್ತದೆ. ಅದನ್ನು ‘ಮ್ಯಾನ್ಯುಯಲ್’ ಮಾಡಿ ನಿಮ್ಮ ಸಮಯ ಕೊಡಿ. ಹೆಚ್ಚೆಂದರೆ 18 ಗಂಟೆ ಕೊಡಬಹುದು. ಉಳಿದ 6 ಗಂಟೆ ವಿಂಡೋಸ್ ಪಾಲಿಗೆ.

2. ಮುನ್ಸೂಚನೆ: ಅದೇ ಅಡ್ವಾನ್ಸ್ಡ್ ಆಪ್ಷನ್ಸ್ ಪುಟದಲ್ಲಿ, ಅಪ್‌ಡೇಟ್ ಮುಗಿಸಲು ರೀಸ್ಟಾರ್ಟ್ ಬೇಕಾದಾಗ ನನಗೆ ತಿಳಿಸು ಎಂಬ ಅರ್ಥದ ಆಯ್ಕೆ ಇದೆ (‘ನೋಟಿಫೈ ಮಿ’ ಎಂದು ಶುರುವಾಗುತ್ತದೆ). ಅದನ್ನು ಆನ್ ಮಾಡಿ. ರೀಸ್ಟಾರ್ಟ್ ಬಾಕಿ ಇದ್ದಾಗ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದಕ್ಕೊಂದು ದಿನ, ಸಮಯ ಗೊತ್ತುಮಾಡುವ ಅವಕಾಶವೂ ಇರುತ್ತದೆ.

3. ಪಾಸ್ ಅಪ್‌ಡೇಟ್ಸ್: ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇರುವ ಈ ಆಯ್ಕೆಯಿಂದ 1 ವಾರದಿಂದ 5 ವಾರಗಳವರೆಗೆ ಅಪ್‌ಡೇಟ್ ಮುಂದೂಡಬಹುದು. ಪರೀಕ್ಷೆ, ಪ್ರಬಂಧ ಸಲ್ಲಿಕೆ, ಲೆಕ್ಕಪತ್ರದ ಗಡುವು ಇರುವ ವಾರಗಳಿಗೆ ಇದು ಹೇಳಿಮಾಡಿಸಿದ ಸೌಲಭ್ಯ. ಅವಧಿ ಪೂರ್ತಿ ಮುಗಿದ ಮೇಲೆ ಬಾಕಿ ಅಪ್‌ಡೇಟುಗಳನ್ನು ಹಾಕಿಕೊಂಡ ನಂತರವೇ ಮತ್ತೆ ಮುಂದೂಡಬಹುದು.

4. ಮೀಟರ್ಡ್ ಕನೆಕ್ಷನ್: ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಂಟರ್‌ನೆಟ್ ಬಳಸುವವರು ಇದನ್ನು ತಪ್ಪದೇ ಆನ್ ಮಾಡಿಕೊಳ್ಳಬೇಕು. ಸೆಟ್ಟಿಂಗ್ಸ್ > ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್ > ವೈಫೈ ಎಂಬಲ್ಲಿ ಆ ಸಂಪರ್ಕದ ಪ್ರಾಪರ್ಟೀಸ್ ತೆರೆದರೆ ಈ ಆಯ್ಕೆ ಸಿಗುತ್ತದೆ. ಆಗ ಹೆಚ್ಚಿನ ಅಪ್‌ಡೇಟುಗಳು ತಾವಾಗಿ ಡೌನ್‌ಲೋಡ್ ಆಗುವುದಿಲ್ಲ. ದಿನದ ಡೇಟಾ ಕೂಡ ಉಳಿಯುತ್ತದೆ. ಆದರೆ ಸದಾ ಹಾಟ್‌ಸ್ಪಾಟ್‌ನಲ್ಲೇ ಇರುವವರು ತಿಂಗಳಿಗೊಮ್ಮೆಯಾದರೂ ಕೈಯಾರೆ ಅಪ್‌ಡೇಟ್ ಹಾಕಿಕೊಳ್ಳಬೇಕು.

5. ವೇಕ್ ಟೈಮರ್ಸ್: ಸ್ಲೀಪ್‌ನಲ್ಲಿಟ್ಟ ಕಂಪ್ಯೂಟರ್ ನಡುರಾತ್ರಿ ತಾನಾಗಿ ಎದ್ದು ಫ್ಯಾನ್ ಸದ್ದು ಮಾಡುತ್ತದೆಯೇ? ಕಂಟ್ರೋಲ್ ಪ್ಯಾನೆಲ್ > ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಲೀಪ್’ ಅಡಿಯಲ್ಲಿರುವ ‘ಅಲೋ ವೇಕ್ ಟೈಮರ್ಸ್’ ಅನ್ನು ಡಿಸೇಬಲ್ ಮಾಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸದಿರಬಹುದು.

6. ಪ್ರೊ ಆವೃತ್ತಿ ಇದ್ದರೆ: ವಿಂಡೋಸ್ ಪ್ರೊದಲ್ಲಿರುವ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ, ಯಾರಾದರೂ ಲಾಗಿನ್ ಆಗಿರುವಾಗ ತಾನಾಗಿ ರೀಸ್ಟಾರ್ಟ್ ಮಾಡಬೇಡ ಎಂಬ ನಿಯಮವನ್ನೇ ಹಾಕಬಹುದು. ಹೋಮ್ ಆವೃತ್ತಿಯಲ್ಲಿ ಈ ಎಡಿಟರ್ ಇಲ್ಲ. ಕಚೇರಿಯ ಕಂಪ್ಯೂಟರ್ ಆಗಿದ್ದರೆ ಈ ನಿಯಮಗಳು ಅಲ್ಲಿನ ಐಟಿ ವಿಭಾಗದವರ ಕೈಯಲ್ಲಿರುತ್ತವೆ. ಅವರನ್ನೇ ಕೇಳಿ.

ರಾತ್ರಿಯಿಡೀ ಕೆಲಸ ನಡೆಯಬೇಕಿದ್ದರೆ

ಇಲ್ಲಿ ಆ್ಯಕ್ಟಿವ್ ಅವರ್ಸ್ ಒಂದನ್ನೇ ನಂಬಬೇಡಿ. ಅದು ಹಗಲು ಕೆಲಸ ಮಾಡುವವರನ್ನು ಗಮನದಲ್ಲಿಟ್ಟು ಮಾಡಿದ್ದು. ಯಾರೂ ಮುಂದೆ ಕುಳಿತಿಲ್ಲದ ರಾತ್ರಿಯ ಹೊತ್ತೇ ರೀಸ್ಟಾರ್ಟಿಗೆ ಅದಕ್ಕೆ ಸೂಕ್ತವಾಗಿ ಕಾಣುತ್ತದೆ. ದೊಡ್ಡ ರೆಂಡರ್, ದತ್ತಾಂಶ ವಿಶ್ಲೇಷಣೆ ಅಥವಾ ಬ್ಯಾಕಪ್ ಹಚ್ಚುವ ಮುನ್ನ ಈ ಕ್ರಮ ಅನುಸರಿಸಿ: ಮೊದಲು ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ ಬಾಕಿ ಇರುವುದನ್ನೆಲ್ಲ ಹಾಕಿಕೊಳ್ಳಿ. ನೀವೇ ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೆ 1 ವಾರ ಪಾಸ್ ಮಾಡಿ. ನಂತರ ಕೆಲಸ ಶುರುಮಾಡಿ. ಈ ಕ್ರಮ ಮುಖ್ಯ, ಏಕೆಂದರೆ ಆಗಲೇ ಡೌನ್‌ಲೋಡ್ ಆಗಿ ರೀಸ್ಟಾರ್ಟಿಗೆ ಕಾದು ಕುಳಿತ ಅಪ್‌ಡೇಟ್ ಇದ್ದರೆ ಕೊನೆ ಗಳಿಗೆಯಲ್ಲಿ ಪಾಸ್ ಒತ್ತುವುದರಿಂದ ಅದು ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

“ನಾನು ದಿನಾ ಶಟ್‌ಡೌನ್ ಮಾಡುತ್ತೇನೆ, ರೀಸ್ಟಾರ್ಟ್ ಬೇಕಿಲ್ಲ.” ನಿಜವಲ್ಲ. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಅಪ್ ಟೈಮ್’ ನೋಡಿ. ದಿನಾ ಶಟ್‌ಡೌನ್ ಮಾಡುವವರ ಕಂಪ್ಯೂಟರಿನಲ್ಲೂ ಅದು ಎಷ್ಟೋ ದಿನಗಳನ್ನು ತೋರಿಸುವುದುಂಟು.

“ಅಪ್‌ಡೇಟ್ ಸರ್ವಿಸ್ ಡಿಸೇಬಲ್ ಮಾಡಿದರೆ ಕಥೆ ಮುಗಿಯಿತು.” ಇಲ್ಲ. ಕೆಟ್ಟುಹೋದ ಅಪ್‌ಡೇಟ್ ವ್ಯವಸ್ಥೆಯನ್ನು ಸರಿಪಡಿಸಲೆಂದೇ ವಿಂಡೋಸ್‌ನಲ್ಲಿ ‘ಅಪ್‌ಡೇಟ್ ಮೆಡಿಕ್ ಸರ್ವಿಸ್’ ಎಂಬ ಇನ್ನೊಂದು ಸೇವೆ ಇದೆ. ನೀವು ನಿಲ್ಲಿಸಿದ್ದನ್ನು ಅದು ಮತ್ತೆ ಶುರುಮಾಡಬಹುದು. ಅದನ್ನೂ ತಡೆಯುತ್ತೇವೆ ಎನ್ನುವ ಗುರುತಿಲ್ಲದ ತಂತ್ರಾಂಶಗಳಿಗೆ ನಿಮ್ಮ ಕಂಪ್ಯೂಟರಿನ ಪೂರ್ಣ ಅಧಿಕಾರ ಕೊಡುವುದು ಮನೆಯ ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟಂತೆ.

“2024ರ ಜುಲೈನಲ್ಲಿ ಜಗತ್ತಿನ ಕಂಪ್ಯೂಟರುಗಳು ನೀಲಿ ಪರದೆಯಾಗಿದ್ದು ವಿಂಡೋಸ್ ಅಪ್‌ಡೇಟಿನಿಂದ.” ಅಲ್ಲ. ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತದ್ದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು, ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಕಳಿಸಿದ ದೋಷಪೂರಿತ ಫೈಲಿನಿಂದ. ಅದು ಬಂದದ್ದು ವಿಂಡೋಸ್ ಅಪ್‌ಡೇಟಿನ ದಾರಿಯಲ್ಲಿ ಅಲ್ಲ.

ಹಾಗೆಂದು ಮೈಕ್ರೋಸಾಫ್ಟಿನ ಅಪ್‌ಡೇಟುಗಳು ಎಂದೂ ಕೆಟ್ಟಿಲ್ಲ ಎಂದಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿಹಾಕಿತ್ತು. ದೂರುಗಳು ಬಂದ ಕೂಡಲೇ ಮೈಕ್ರೋಸಾಫ್ಟ್ ಅದನ್ನು ಹಿಂಪಡೆದು, ಸರಿಪಡಿಸಿ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿತು. ಹೊಸ ಅಪ್‌ಡೇಟಿಗೆ ಕೆಲವು ದಿನ ಕಾಯಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಪ್ರಶ್ನೆ ಎಷ್ಟು ದಿನ ಎಂಬುದು.

ಕಾಯುವುದಕ್ಕೂ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ

ಅಪ್‌ಡೇಟ್ ಬಿಡುಗಡೆಯಾದ ಕೂಡಲೇ ಅದನ್ನು ನೋಡುವವರಲ್ಲಿ ದಾಳಿಕೋರರೂ ಇರುತ್ತಾರೆ. ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೋಪ ಎಲ್ಲಿತ್ತು ಎಂದು ಪತ್ತೆಮಾಡಬಹುದು. ಅಪ್‌ಡೇಟ್ ಹಾಕಿಕೊಳ್ಳದವರ ಕಂಪ್ಯೂಟರಿನಲ್ಲಿ ಆ ಲೋಪ ಇನ್ನೂ ಹಾಗೇ ಇರುತ್ತದೆ. ಆಗ ಅಪಾಯ ಮೊದಲಿಗಿಂತ ಹೆಚ್ಚು.

ಇದಕ್ಕೆ ದೊಡ್ಡ ಉದಾಹರಣೆ 2017ರ ‘ವಾನ್ನಾಕ್ರೈ’. ಈ ಕುತಂತ್ರಾಂಶ ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ರೂಪದಲ್ಲಿ 300 ಡಾಲರ್ ಕೇಳುತ್ತಿತ್ತು. ಅದು ಬಳಸಿದ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಿತ್ತು. ಆ ಲೋಪವನ್ನು ಬಳಸುವ ಉಪಕರಣ ಇಂಟರ್‌ನೆಟ್‌ನಲ್ಲಿ ಸೋರಿಕೆಯಾದದ್ದು ಏಪ್ರಿಲ್ 14ರಂದು. ದಾಳಿ ನಡೆದದ್ದು ಮೇ 12ರಂದು, ಅಂದರೆ ಅಪ್‌ಡೇಟ್ ಬಂದ 59 ದಿನಗಳ ಮೇಲೆ. 150ಕ್ಕೂ ಹೆಚ್ಚು ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ತುತ್ತಾದವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಒಂದರಲ್ಲೇ ಅಂದಾಜು 19,000ಕ್ಕೂ ಹೆಚ್ಚು ರೋಗಿಗಳ ಭೇಟಿಗಳು ರದ್ದಾದವು. ಅಲ್ಲಿ ಸೋಂಕು ತಗುಲಿದ ಬಹುಪಾಲು ಕಂಪ್ಯೂಟರುಗಳಲ್ಲಿ ಇದ್ದದ್ದು ಅಪ್‌ಡೇಟ್ ಸಿಗುತ್ತಿದ್ದರೂ ಹಾಕಿಕೊಳ್ಳದ ವಿಂಡೋಸ್ 7.

ಈಗ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮಾರ್ಚ್ 14ರಂದು ಬಂದ ಅಪ್‌ಡೇಟನ್ನು ಇಂದಿನ ಗರಿಷ್ಠ ಮಿತಿಯಾದ 5 ವಾರ, ಅಂದರೆ 35 ದಿನ ಮುಂದೂಡಿದ್ದರೂ ಏಪ್ರಿಲ್ 18ಕ್ಕೆ ಅದು ಬಂದು ಕೂರುತ್ತಿತ್ತು. ದಾಳಿಗೆ ಇನ್ನೂ 24 ದಿನ ಬಾಕಿ ಇರುತ್ತಿತ್ತು. ಮುಂದೂಡಿದವರು ಉಳಿಯುತ್ತಿದ್ದರು, ಪೂರ್ತಿ ನಿಲ್ಲಿಸಿದವರು ಸಿಕ್ಕಿಬೀಳುತ್ತಿದ್ದರು. ಎಲ್ಲ ದಾಳಿಯೂ ಇಷ್ಟು ದಿನ ಕಾಯುತ್ತದೆ ಎಂದಲ್ಲ. ಅಪ್‌ಡೇಟ್ ಬರುವ ಮೊದಲೇ ಬಳಕೆಯಾಗುವ ಲೋಪಗಳೂ ಇವೆ. ಹಾಗಾಗಿ 5 ವಾರವನ್ನು ಅಭ್ಯಾಸ ಮಾಡಿಕೊಳ್ಳದೆ, ಗಡುವು ಇರುವಾಗ ಮಾತ್ರ ಬಳಸುವುದು ಒಳ್ಳೆಯದು.

ಇನ್ನೂ ವಿಂಡೋಸ್ 10 ಬಳಸುತ್ತಿರುವವರು ಗಮನಿಸಬೇಕಾದ್ದು: ಅದಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ ಕೊಡುವ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಅಪ್‌ಡೇಟ್ ಕಾಟ ತಪ್ಪಿತು ಎಂದು ಸಮಾಧಾನಪಡುವ ವಿಷಯ ಇದಲ್ಲ. ವಿಸ್ತರಿತ ಸುರಕ್ಷತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಳ್ಳದಿದ್ದರೆ ಹೊಸ ಲೋಪಗಳಿಗೆ ಆ ಕಂಪ್ಯೂಟರಿಗೆ ಮದ್ದು ಸಿಗುವುದಿಲ್ಲ.

ತಿಂಗಳಿಗೊಂದು ಅರ್ಧ ಗಂಟೆ

ಕೊನೆಯದಾಗಿ, ಸುಲಭವಾಗಿ ಪಾಲಿಸಬಹುದಾದ ಒಂದು ರೂಢಿ: ಎರಡನೇ ಮಂಗಳವಾರ ಕಳೆದ ಮೇಲೆ ಬರುವ ಶನಿವಾರವನ್ನು ಅಪ್‌ಡೇಟ್ ದಿನವಾಗಿ ಇಟ್ಟುಕೊಳ್ಳಿ. ಆ ನಾಲ್ಕು ದಿನಗಳಲ್ಲಿ ಅಪ್‌ಡೇಟಿನಲ್ಲೇ ದೊಡ್ಡ ದೋಷವಿದ್ದರೆ ಸುದ್ದಿ ಹೊರಬಿದ್ದಿರುತ್ತದೆ. ಫೈಲುಗಳನ್ನು ಸೇವ್ ಮಾಡಿ, ಮುಖ್ಯವಾದವನ್ನು ಪೆನ್‌ಡ್ರೈವ್ ಅಥವಾ ಕ್ಲೌಡ್‌ಗೆ ಹಾಕಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇದೆಯೇ, ಕರೆಂಟು ಹೋಗುವ ಹೊತ್ತೇ ಎಂದು ನೋಡಿಕೊಳ್ಳಿ. ಅಪ್‌ಡೇಟ್ ಅರ್ಧದಲ್ಲಿರುವಾಗ ವಿದ್ಯುತ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ಮರಳಲು ಪ್ರಯತ್ನಿಸುತ್ತದೆ, ಪ್ರತಿ ಸಲವೂ ಅದು ಸಾಧ್ಯವಾಗದು. ಎಲ್ಲ ಸಿದ್ಧವಾದ ಮೇಲೆ ಅಪ್‌ಡೇಟ್ ಹಾಕಿ, ನೀವೇ ರೀಸ್ಟಾರ್ಟ್ ಮಾಡಿ.

ಹೀಗೆ ನೀವೇ ಮುಗಿಸಿಟ್ಟ ಕೆಲಸಕ್ಕೆ ವಿಂಡೋಸ್ ಮತ್ತೆ ನಡುರಾತ್ರಿ ಏಳಬೇಕಾದ ಸಂದರ್ಭ ಬಹಳ ಕಡಿಮೆ.